ಲೇಪದ ಮೇಲಿನ ದೂರು

"ಗುರುಗಳೇ, ಮಗಳು ಓದಿನಲ್ಲಿ ಹಿಂದೆ ಬಿದ್ದಿದ್ದಾಳೆ. ಗದರಿದಷ್ಟೂ ಮಂಕಾಗುತ್ತಿದ್ದಾಳೆ. ಇನ್ನೆಷ್ಟು ಬಿಗಿ ಮಾಡಲಿ?" ಎಂದು ಸಂಗಣ್ಣ ಕೇಳಿದ.

ಗುರುಗಳು ರಸಾಯನಶಾಸ್ತ್ರ ಕಲಿಸಿದವರು. ಸಂಗಣ್ಣ ಅವರ ಹಳೆಯ ಶಿಷ್ಯ. ಅವರು ನೇರ ಉತ್ತರ ಕೊಡದೆ ಒಂದು ಕತೆ ಹೇಳಿದರು.

ಒಬ್ಬ ಸಂಶೋಧಕಿ ಇದ್ದಳು. ನೀರಿಗೆ ವಿದ್ಯುತ್ ಹಾಯಿಸಿ ಹೈಡ್ರೋಜನ್ ತೆಗೆಯುವ ಯಂತ್ರ ಅವಳದು. ಒಳಗೆ ಎರಡು ಲೋಹದ ಫಲಕ, ನಡುವೆ ಎರಡು ಬದಿಯ ಅನಿಲಗಳನ್ನು ಬೇರೆಯಿಡುವ ತೆಳುವಾದ ಪೊರೆ. ನೀರು ಹೈಡ್ರೋಜನ್, ಆಮ್ಲಜನಕಗಳಾಗಿ ಬೇಗ ಒಡೆಯಲೆಂದು ಫಲಕಗಳಿಗೆ ಲೇಪ ಹಚ್ಚಿಕೊಡುವವಳು ಅವಳ ಜೊತೆಗಾತಿ.

ನೀರು ಒಡೆಯಲು ಇಷ್ಟು ವೋಲ್ಟೇಜ್ ಬೇಕೆಂಬ ಲೆಕ್ಕವಿದೆ. ಈ ಯಂತ್ರ ಅದಕ್ಕಿಂತ ಬಹಳ ಹೆಚ್ಚು ಬೇಡುತ್ತಿತ್ತು. ಸಂಶೋಧಕಿ ಹಠ ಹಿಡಿದು ವೋಲ್ಟೇಜ್ ಏರಿಸುತ್ತ ಹೋದಳು. ಹೈಡ್ರೋಜನ್ ಅಷ್ಟಾಗಿ ಹೆಚ್ಚಲಿಲ್ಲ, ಕಾವು ಹೆಚ್ಚಿತು. ಪೊರೆ ತೂತುಬಿತ್ತು. ಎರಡು ಬದಿಯ ಅನಿಲಗಳು ಕಲೆತರೆ ಸ್ಫೋಟದ ಭಯ. ಅವಳು ಓಡಿಹೋಗಿ ವಿದ್ಯುತ್ ಆರಿಸಿದಳು.

"ನಿನ್ನ ಲೇಪವೇ ಸರಿಯಿಲ್ಲ. ನಾಳೆಯಿಂದ ಬರಬೇಡ," ಎಂದಳು ಜೊತೆಗಾತಿಗೆ.

"ಒಂದು ಸಲ ಅಳೆದು ನೋಡೋಣವೇ, ಅಕ್ಕ?"

"ಅಳೆಯುವುದಕ್ಕೆ ಏನು ಉಳಿದಿದೆ?"

ಜೊತೆಗಾತಿ ತಾನು ಮಾಡಿಟ್ಟಿದ್ದ ಉಳಿದ ಫಲಕಗಳನ್ನು ಎತ್ತಿಕೊಂಡು ಹೊರಟುಹೋದಳು.

ಕೋಪ ಇಳಿದ ಮೇಲೆ, ಅಳೆದು ನೋಡೋಣವೇ ಎಂದ ಜೊತೆಗಾತಿಯ ಮಾತು ಸಂಶೋಧಕಿಯನ್ನು ಕೊರೆಯತೊಡಗಿತು. ಯಂತ್ರದೊಳಗಿನ ಅದೇ ಫಲಕಗಳ ನಡುವೆ ಹೊಸ ಪೊರೆ ಹಾಕಿದಳು. ಈ ಸಲ ತೀರ ಕಡಿಮೆ ವಿದ್ಯುತ್ತಿನಿಂದ ಶುರುಮಾಡಿ, ಸ್ವಲ್ಪಸ್ವಲ್ಪವೇ ಏರಿಸುತ್ತ, ವೋಲ್ಟೇಜ್ ಎಲ್ಲಿ ಪೋಲಾಗುತ್ತಿದೆಯೆಂದು ನೋಡಿದಳು. ವಿದ್ಯುತ್ ಕಡಿಮೆಯಿದ್ದಾಗ ತಿಳಿಯುವುದು ಲೇಪದ ಗುಣ. ನೀರು ಒಡೆಯುವುದೇ ನಿಧಾನ. ಲೇಪ ಆ ನಿಧಾನವನ್ನು ಎಷ್ಟು ತಗ್ಗಿಸಿದೆ ಎಂಬುದು ಅಲ್ಲಿ ಕಾಣುತ್ತದೆ. ಅಲ್ಲಿನ ನಷ್ಟ ಅವಳು ಎಣಿಸಿದ್ದಕ್ಕಿಂತ ಕಡಿಮೆಯಿತ್ತು; ಲೇಪದಲ್ಲಿ ದೋಷವಿರಲಿಲ್ಲ. ವಿದ್ಯುತ್ ಏರಿಸಿದಂತೆ ನಷ್ಟವೂ ಅದೇ ಪ್ರಮಾಣದಲ್ಲಿ ಏರಿತು. ಅದು ವಿದ್ಯುತ್ ಹರಿಯುವ ದಾರಿಯಲ್ಲಿನ ತಡೆ. ಬಿಚ್ಚಿ ನೋಡಿದರೆ ತಂತಿ ಸೇರುವ ಕಡೆ ಕಿಲುಬು. ಆ ಜೋಡಣೆ ಅವಳದೇ. ಇನ್ನೂ ಏರಿಸಿದಾಗ ಗುಳ್ಳೆಗಳು ಫಲಕಕ್ಕೆ ಅಂಟಿಕೊಂಡು ನೀರಿಗೆ ಜಾಗ ಬಿಡಲಿಲ್ಲ. ಅವುಗಳನ್ನು ಕೊಚ್ಚಿಕೊಂಡು ಹೋಗಲು ನೀರಿನ ಹರಿವು ಸಾಲುತ್ತಿರಲಿಲ್ಲ. ಅದನ್ನು ಹೊಂದಿಸಿದವಳೂ ಅವಳೇ.

ಕಿಲುಬು ಉಜ್ಜಿದಳು, ಹರಿವು ಹೆಚ್ಚಿಸಿದಳು. ಯಂತ್ರ ಸಲೀಸಾಗಿ ನಡೆಯಿತು. ಅವಳಿಗೆ ಸಂತೋಷವಾಗಲಿಲ್ಲ. ನೇರ ಜೊತೆಗಾತಿಯ ಮನೆಗೆ ಹೋದಳು.

"ನಿನ್ನ ಲೇಪ ಚೆನ್ನಾಗಿತ್ತು ಕಣೇ."

"ಉಳಿದ ಫಲಕಗಳ ಲೇಪವನ್ನೆಲ್ಲ ನಾನೇ ಕೆರೆದು ಹಾಕಿದೆ, ಅಕ್ಕ. ಕೆಟ್ಟದ್ದೆಂದು ನಾನೂ ನಂಬಿಬಿಟ್ಟೆ," ಎಂದಳು ಜೊತೆಗಾತಿ.

ಸಂಶೋಧಕಿ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ಮುಂದೆ ಇಬ್ಬರೂ ಕೂಡಿ ಮೊದಲಿನಿಂದ ಲೇಪ ಮಾಡಿದರು. ಅದೇ ಹದ ಮತ್ತೆ ಕೈಗೆ ಬರಲು ಬಹಳ ಕಾಲ ಹಿಡಿಯಿತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

"ಇನ್ನು ಗದರುವುದಿಲ್ಲ, ಗುರುಗಳೇ," ಎಂದ ಸಂಗಣ್ಣ.

"ಅದು ಸರಿ. ಆದರೆ ಮಗುವಿಗೆ ಎಲ್ಲಿ ಕಷ್ಟವಾಗುತ್ತಿದೆ ಎಂಬುದನ್ನು ನೀನು ಇನ್ನೂ ಹೇಳಲೇ ಇಲ್ಲವಲ್ಲ?"