ದೊಡ್ಡ ರಿಜಿಸ್ಟರಿನ ಶ್ರದ್ಧೆ

ತಾಲೂಕು ಕಚೇರಿಯೊಂದರ ದಫ್ತರದ ಕೋಣೆಯಲ್ಲಿ ನೀಲಗಂಗಾ ಎಂಬ ಗುಮಾಸ್ತೆ ಇದ್ದಳು. ಅಲ್ಲಿಯ ಮೇಲಧಿಕಾರಿ ದ್ಯಾಮಣ್ಣವರ ಸಾಹೇಬರು ಒಂದು ದಿನ ಮುನ್ನೂರು ಕಡತಗಳ ಪಟ್ಟಿ ಕಳಿಸಿ, ಯಾವುದು ಯಾವ ಕಪಾಟಿನಲ್ಲಿದೆ ಎಂದು ಸಂಜೆಯೊಳಗೆ ತಿಳಿಸಲು ಹೇಳಿದರು.

ಕಚೇರಿಯ ಕಡತಗಳೆಲ್ಲ ಎಲ್ಲೆಲ್ಲಿವೆ ಎಂಬುದನ್ನು ಅವಳು ಮೊದಲೇ ದೊಡ್ಡ ರಿಜಿಸ್ಟರಿನಿಂದ ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ಏರಿಸಿಟ್ಟಿದ್ದಳು. ಪಟ್ಟಿಯ ಪಕ್ಕ ಒಂದು ಲುಕಪ್ ಸೂತ್ರ ಬರೆದು ಕೆಳಗೆಳೆದಳು. ಪ್ರತಿ ಕಡತದ ನಂಬರಿನ ಎದುರು ಅದರ ಕಪಾಟು ತಾನಾಗಿ ಬಂದು ಕೂತಿತು. ಚಹಾ ಆರುವ ಮೊದಲೇ ಕೆಲಸ ಮುಗಿಯಿತು.

ಸಾಹೇಬರಿಗೆ ಸಿಟ್ಟು ಬಂತು. "ಇಷ್ಟು ಲಗೂ ಆದದ್ದಕ್ಕ ಕೆಲಸ ಅಂತಾರೇನು? ಶ್ರದ್ಧಾ ಬೇಕ್ರಿ. ಇನ್ನ ಮ್ಯಾಲೆ ಏನ ಹುಡುಕಿದರೂ ದೊಡ್ಡ ರಿಜಿಸ್ಟರ್ ತಗದು, ಒಂದೊಂದು ಸಾಲಿನ ಮ್ಯಾಲೆ ಬೆರಳಿಟ್ಟು ಹುಡುಕ್ರಿ."

"ಆತ್ರಿ ಸರ್," ಎಂದಳು ನೀಲಗಂಗಾ.

ಮರುದಿನ ಬೆಳಿಗ್ಗೆ ಸಾಹೇಬರೇ ಓಡಿಬಂದರು. ಅವರ ಬಡ್ತಿಯ ಕಡತ ಅಂದು ಹನ್ನೆರಡು ಗಂಟೆಯೊಳಗೆ ಜಿಲ್ಲಾ ಕಚೇರಿ ಮುಟ್ಟಬೇಕಿತ್ತು. ತಡವಾದರೆ ಬಡ್ತಿ ಕೈತಪ್ಪುತ್ತಿತ್ತು. ಅದು ಯಾವ ಕಪಾಟಿನಲ್ಲಿದೆಯೋ ಅವರಿಗೆ ಗೊತ್ತಿರಲಿಲ್ಲ.

ನೀಲಗಂಗಾ ಕಂಪ್ಯೂಟರಿಗೆ ಬಟ್ಟೆ ಹೊದಿಸಿದಳು. ದೊಡ್ಡ ರಿಜಿಸ್ಟರಿನ ಧೂಳು ಕೊಡವಿ, ಕನ್ನಡಕ ಒರೆಸಿಕೊಂಡು, ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಎರಡನೇ ಪುಟಕ್ಕೆ ಬರುವ ಹೊತ್ತಿಗೆ ಸಾಹೇಬರ ಹಣೆ ಬೆವೆತಿತ್ತು.

"ಯಾವಾಗ ಸಿಗತೈತ್ರಿ?"

"ಶ್ರದ್ಧಾಲೆ ಹುಡುಕಿದರ ನಾಡಿದ್ದ ಸಂಜಿಗೆ ಸಿಗತೈತ್ರಿ ಸರ್," ಎಂದಳು ಅವಳು, ತಲೆಯೆತ್ತದೆ.

ಸಾಹೇಬರು ಗಡಿಯಾರ ನೋಡಿದರು. ಯಾರಾದರೂ ಕೇಳಿಸಿಕೊಳ್ಳುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು. ಆಮೇಲೆ ಕಂಪ್ಯೂಟರಿನ ಬಟ್ಟೆಯನ್ನು ತಾವೇ ಎತ್ತಿ, ದನಿ ಇಳಿಸಿ ಹೇಳಿದರು:

"ಇವತ್ತೊಂದಿನ ಶ್ರದ್ಧಾ ಬಿಟ್ಟು ಹುಡುಕವ್ವಾ."