ಮೂರು ದಿನ ಕಾಯದ ಗೊರವಂಕ

ಬಿದಿರು ಕಾಡಿನ ನಡುವೆ ಒಂದು ಹುಲ್ಲುಗಾವಲು. ಅಲ್ಲಿ ಕಾಟಿಗಳ ಹಿಂಡೊಂದು ಮೇಯುತ್ತಿತ್ತು. ಕಾಟಿ ಎಂದರೆ ಕಾಡೆಮ್ಮೆ. ಹಿಂಡಿನ ಯಜಮಾನಿ ಬೊಮ್ಮವ್ವ ಎಂಬ ಮುದಿ ಕಾಟಿ. ಅವಳು ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ.

ಹುಲ್ಲುಗಾವಲಿನ ಅಂಚಿಗೆ ಒಂದು ಮತ್ತಿಮರ. ಅದರ ಪೊಟರೆಯಲ್ಲಿ ಗೊರವಂಕಗಳ ಸಂಸಾರ. ಗಂಡನ ಹೆಸರು ಚೆಲುವಯ್ಯ. ಆ ಹೆಸರು ಅವನೇ ಇಟ್ಟುಕೊಂಡದ್ದು. ಹೆಂಡತಿ ತಾರಕ್ಕ. ಮೂರು ಮರಿಗಳು ಕಣ್ಣು ಬಿಟ್ಟು ಎರಡು ದಿನವಾಗಿತ್ತು. ಹೊಟ್ಟೆಗೆ ಸಾಲದೆ ಮೂರೂ ಚೀರುತ್ತಿದ್ದವು.

ಚೆಲುವಯ್ಯನಿಗೆ ಕೆಲಸ ಹೋಗಿತ್ತು. ಮೊದಲು ಊರಿನ ಎಮ್ಮೆಯೊಂದರ ಬೆನ್ನ ಮೇಲೆ ಉಣ್ಣಿ ಹೆಕ್ಕುತ್ತಿದ್ದ. ಹೆಕ್ಕುವುದು ಚುರುಕು, ಬಾಯಿ ಅದಕ್ಕಿಂತ ಚುರುಕು. ಬೆಳಗಿನಿಂದ ಸಂಜೆಯವರೆಗೆ ಕಿವಿಯ ಬಳಿ ಕೂತು ಹರಟಿದರೆ ಯಾವ ಎಮ್ಮೆ ಸಹಿಸೀತು? ಒಂದು ದಿನ ಅದು ಕೆಸರಿನಲ್ಲಿ ಹೊರಳಿ ಅವನನ್ನು ಓಡಿಸಿತು.

ಕಾಟಿಯ ಬೆನ್ನೊಂದು ಸಿಕ್ಕರೆ ಮರಿಗಳು ಬದುಕುತ್ತವೆ. ಬೆನ್ನ ತುಂಬ ಉಣ್ಣಿ, ಗೊರಸಿನ ಸುತ್ತ ಮಿಡತೆ. ಆದರೆ ಗುರುತಿಲ್ಲದ ಹಕ್ಕಿಯನ್ನು ಕಾಟಿಗಳು ಬೆನ್ನಿಗೆ ಹತ್ತಿಸಿಕೊಳ್ಳುವುದಿಲ್ಲ. ಉಣ್ಣಿ ಹೆಕ್ಕುತ್ತೇನೆಂದು ಬಂದು ಹಸಿ ಗಾಯ ಕುಕ್ಕಿ ತಿನ್ನುವ ಹಕ್ಕಿಗಳೂ ಇವೆ.

ಆದ್ದರಿಂದ ನಂಜಣ್ಣ ಎಂಬ ಕಾಜಾಣ ಹಕ್ಕಿಯ ನೆರವು ಬೇಕಾಗಿತ್ತು. ಯಾವ ಕಾಟಿಗೆ ಎಂಥ ಹಕ್ಕಿ ಬೇಕು, ಯಾವ ಹಕ್ಕಿಯ ಗುಣ ಎಂಥದು, ಎಲ್ಲ ಅವನಿಗೆ ಗೊತ್ತು. ಅವನು ಕರೆತಂದ ಹಕ್ಕಿಯನ್ನು ಹಿಂಡು ಒಪ್ಪುತ್ತಿತ್ತು. ಹಿಂಡಿನ ಸುತ್ತ ಏಳುವ ನೊಣಗಳೆಲ್ಲ ಅವನ ಪಾಲು. ಹಕ್ಕಿಗಳಿಂದ ಅವನು ಏನನ್ನೂ ಕೇಳುತ್ತಿರಲಿಲ್ಲ.

ಚೆಲುವಯ್ಯ ಅವನ ಬಳಿ ಹೋಗಿ ಕಷ್ಟ ಹೇಳಿಕೊಂಡ. ನಂಜಣ್ಣ ನೇರವಾಗಿ ಆ ಎಮ್ಮೆಯ ಹತ್ತಿರ ಹೋಗಿ ವಿಚಾರಿಸಿದ. ಆಮೇಲೆ ಬೊಮ್ಮವ್ವನನ್ನು ಕಂಡ. ಸಂಜೆಗೆ ಮತ್ತಿಮರಕ್ಕೆ ಬಂದ.

"ಮಾತಾಡಿದ್ದೇನೆ. ಮೂರು ದಿನ ಬಿಟ್ಟು ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಆ ಕಡೆ ಸುಳಿಯಬೇಡ."

"ಮೂರು ದಿನ ಯಾಕಣ್ಣ?"

"ಅದು ಅವರ ಮನೆಯ ವಿಷಯ. ನಿನಗೆ ಬೇಡ. ಸುಮ್ಮನಿರಬಲ್ಲೆಯಾ?"

ಸುಮ್ಮನಿರುವುದರಲ್ಲಿ ತನ್ನನ್ನು ಮೀರಿಸುವವರು ಈ ಕಾಡಿನಲ್ಲೇ ಇಲ್ಲ ಎಂದು ಚೆಲುವಯ್ಯ ಬಹಳ ಹೊತ್ತು ವಿವರಿಸಿದ.

ಒಂದು ದಿನ ಕಳೆಯಿತು. ಎರಡನೆಯ ದಿನ ನಂಜಣ್ಣ ಒಣಕೊಂಬೆಯೊಂದರ ಮೇಲೆ ಕೂತು ಒಂದು ಬೆಳ್ಳಕ್ಕಿಯ ಜೊತೆ ಮಾತಾಡುತ್ತಿದ್ದುದು ಚೆಲುವಯ್ಯನ ಕಣ್ಣಿಗೆ ಬಿತ್ತು. ಅಷ್ಟೇ ಸಾಕಾಯಿತು. ತನ್ನ ಜಾಗ ಬೆಳ್ಳಕ್ಕಿಯ ಪಾಲಾಯಿತು ಎಂದುಕೊಂಡ. ಮೂರು ದಿನದ ಗುಟ್ಟು ಇದೇ ಎಂದುಕೊಂಡ. ತಾನು ಎಷ್ಟು ಬುದ್ಧಿವಂತ ಎಂದೂ ಅಂದುಕೊಂಡ.

ಪೊಟರೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಕಾರಿದ. ನಂಜಣ್ಣನಿಗೆ ಬಾಲ ಉದ್ದ, ನಾಲಿಗೆ ಗಿಡ್ಡ. ಅವನು ತೊದಲುವುದನ್ನು ತಾನು ಹೋದರೆ ಹಾಡಿನಂತೆ ಹೇಳಿಬರುತ್ತೇನೆ. ಬೊಮ್ಮವ್ವ ಅಲ್ಲಿಯೇ ಮೇಯುತ್ತಿದ್ದಾಳೆ, ನಡುವೆ ಇವನ್ಯಾರು?

ತಾರಕ್ಕ ಮರಿಗಳ ಮೇಲಿನಿಂದ ಏಳಲಿಲ್ಲ. "ಮಾತಾಡುವ ಕೆಲಸ ನಂಜಣ್ಣನವರ ಕೈಗೆ ಕೊಟ್ಟಾಗಿದೆ. ಸಂಶಯ ಇದ್ದರೆ ಅವರನ್ನೇ ಹೋಗಿ ಕೇಳಿರಿ."

"ಕೇಳಿದರೆ ನಿಜ ಹೇಳುತ್ತಾನೆಯೇ?"

"ಕೇಳಿಯೇ ಇಲ್ಲವಲ್ಲ ನೀವು."

ಅವಳಿಗೆ ಲೋಕಜ್ಞಾನ ಸಾಲದು ಎಂದು ತೀರ್ಮಾನಿಸಿ ಚೆಲುವಯ್ಯ ಹಾರಿಹೋದ.

ಬೊಮ್ಮವ್ವ ಮೆಲುಕು ಹಾಕುತ್ತಾ ನಿಂತಿದ್ದಳು. ಅವಳ ಎದುರಿನ ಹುತ್ತದ ಮೇಲೆ ಇಳಿದು ಚೆಲುವಯ್ಯ ರೆಕ್ಕೆ ಕೊಡವಿದ. ಅಮ್ಮಾವ್ರೇ ಎಂದು ಶುರು ಮಾಡಿದ. ನಂಜಣ್ಣ ಹೇಳಿದ್ದು ತನ್ನ ವಿಷಯವೇ ಎಂದ. ಪಾಪ, ಅವನಿಗೆ ಸರಿಯಾಗಿ ಹೇಳಲು ಬರುವುದಿಲ್ಲ ಎಂದ. ಇನ್ನು ಮುಂದೆ ಅವನು ಬೇಡ, ನಾವು ನಾವೇ ಮಾತಾಡಿಕೊಳ್ಳೋಣ ಎಂದ.

ಬೊಮ್ಮವ್ವ ಒಂದೇ ಪ್ರಶ್ನೆ ಕೇಳಿದಳು. "ಆ ಎಮ್ಮೆಯನ್ನು ಯಾಕೆ ಬಿಟ್ಟೆ?"

"ನಾನಾಗಿಯೇ ಬಿಟ್ಟೆ ಅಮ್ಮಾವ್ರೇ. ಹೋಗಬೇಡ ಎಂದು ಅದು ಅತ್ತಿತು."

ಬೊಮ್ಮವ್ವನ ದವಡೆ ನಿಂತಿತು. ಚೆಲುವಯ್ಯ ಅದನ್ನು ಮೆಚ್ಚುಗೆ ಎಂದು ತಿಳಿದ. ಮಾತು ಸಾಕು, ಕೆಲಸವನ್ನೂ ತೋರಿಸಿಬಿಡೋಣ ಎನ್ನಿಸಿತು. ಪಕ್ಕದಲ್ಲಿ ಒಂದು ಕರು ನಿಂತಿತ್ತು. ಅದರ ಕಿವಿಯ ಹಿಂದೆ ಕಪ್ಪಗೆ, ದಪ್ಪಗೆ ಏನೋ ಕಂಡಿತು. ಇಷ್ಟು ದೊಡ್ಡ ಉಣ್ಣಿಯೇ ಎಂದು ಹಾರಿ ಕೂತು ಕೊಕ್ಕು ಹಾಕಿ ಎಳೆದ.

ಉಣ್ಣಿಯಲ್ಲ ಅದು. ಗಾಯದ ಹಕ್ಕಳೆ. ಸೀಳುನಾಯಿಯ ಹಲ್ಲು ತಾಗಿ ಆದ ಗಾಯ, ಆಗತಾನೆ ಒಣಗುತ್ತಿತ್ತು. ಕರು ಕಿರುಚಿತು. ರಕ್ತ ಇಳಿಯಿತು. ಕರುವಿನ ತಾಯಿ ತಿರುಗಿ ಬಾಲ ಬೀಸಿದಳು. ಚೆಲುವಯ್ಯ ಎರಡು ಸುತ್ತು ಉರುಳಿ ಹಸಿ ಸಗಣಿಯಲ್ಲಿ ಬಿದ್ದ.

ಬೊಮ್ಮವ್ವ ಅವನ ಬಳಿ ಬಂದು ನಿಂತಳು.

"ನಂಜಣ್ಣ ನಿನ್ನ ವಿಷಯ ಎಲ್ಲ ಹೇಳಿದ್ದ. ಬಾಯಿಬಡುಕ, ಎಮ್ಮೆಯೇ ಓಡಿಸಿತು, ಆದರೆ ಕೆಲಸ ಚುರುಕು, ಸುಮ್ಮನಿರು ಎಂದರೆ ಇರುತ್ತಾನೆ ಎಂದ. ಆ ಕೊನೆಯ ಮಾತಿಗಾಗಿ ನಿನ್ನನ್ನು ಒಪ್ಪಿದ್ದೆ. ಕರುವಿನ ಗಾಯ ಮಾಯಲಿ ಎಂದು ಮೂರು ದಿನ ಕೇಳಿದ್ದೆ. ಗಾಯದ ಸುದ್ದಿ ಸೀಳುನಾಯಿಗಳ ಕಿವಿಗೆ ಬೀಳಬಾರದು ಅಂತ ಅವನ ಬಾಯಿಯನ್ನೂ ಕಟ್ಟಿದ್ದೆ. ನಾಡಿದ್ದು ಬೆಳಿಗ್ಗೆ ನೀನು ನನ್ನ ಬೆನ್ನ ಮೇಲೆ ಇರುತ್ತಿದ್ದೆ."

"ಅಮ್ಮಾವ್ರೇ, ಇನ್ನೊಂದು ಸಲ..."

"ನಡಿ."

ಸಗಣಿ ಮೆತ್ತಿದ ರೆಕ್ಕೆಯಲ್ಲೇ ಅವನು ನಂಜಣ್ಣನ ಬಳಿಗೆ ಓಡಿದ. ತಪ್ಪಾಯಿತು, ಬೊಮ್ಮವ್ವನಿಗೆ ಇನ್ನೊಮ್ಮೆ ಹೇಳು ಎಂದು ಗೋಗರೆದ.

"ಏನೆಂದು ಹೇಳಲಿ? ನಿನ್ನ ಪರವಾಗಿ ನಾನು ಆಡಿದ ಮಾತನ್ನು ನೀನೇ ಹೋಗಿ ಸುಳ್ಳು ಮಾಡಿ ಬಂದೆ."

"ನೀನು ಆ ಬೆಳ್ಳಕ್ಕಿಗೆ ನನ್ನ ಜಾಗ ಕೊಡಿಸಲು ಹೊರಟಿರಲಿಲ್ಲವೇ?"

"ಅದು ಕೆರೆಗೆ ದಾರಿ ಕೇಳುತ್ತಿತ್ತು" ಎಂದು ನಂಜಣ್ಣ ಮುಖ ತಿರುಗಿಸಿದ.

ಮಾರನೆಯ ದಿನ ತಾರಕ್ಕ ತಾನೇ ನಂಜಣ್ಣನನ್ನು ಕಂಡಳು. ಗಂಡನ ಪರವಾಗಿ ಒಂದು ಮಾತೂ ಆಡಲಿಲ್ಲ. ತನಗೆ ಕೆಲಸ ಬೇಕು, ಮರಿಗಳು ಸೊರಗುತ್ತಿವೆ ಎಂದಳು. ಕೇಳಿನೋಡುತ್ತೇನೆ, ಐದು ದಿನ ಆಗಬಹುದು ಎಂದ ನಂಜಣ್ಣ. ಯಾಕೆ ಐದು ಎಂದು ಅವಳು ಕೇಳಲಿಲ್ಲ. ಐದು ದಿನ ತರಗೆಲೆ ಕೆದಕಿ ಸಿಕ್ಕ ಹುಳುಗಳಿಂದ ಮರಿಗಳ ಜೀವ ಹಿಡಿದಿಟ್ಟಳು. ಹುಲ್ಲುಗಾವಲಿನ ಕಡೆ ತಲೆ ಕೂಡ ಹಾಕಲಿಲ್ಲ.

ಆರನೆಯ ದಿನ ನಂಜಣ್ಣ ಅವಳನ್ನು ಕರೆದೊಯ್ದ. ಬೊಮ್ಮವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಅವನ ಹೆಂಡತಿ ನೀನು. ಅವನು ಇಲ್ಲಿಗೆ ಬರುವುದು ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು. ಬೇಡ ಎಂದೆ. ಕೇಳಲಿಲ್ಲ."

ಬೊಮ್ಮವ್ವ ಬೆನ್ನು ತಗ್ಗಿಸಿದಳು.

ಈಗ ತಾರಕ್ಕ ದಿನವೂ ಕಾಟಿಯ ಬೆನ್ನ ಮೇಲೆ ಹೋಗುತ್ತಾಳೆ. ಮರಿಗಳು ದುಂಡಗಾಗಿವೆ. ಚೆಲುವಯ್ಯ ಪೊಟರೆಯಲ್ಲಿ ಕೂತು ಅವುಗಳನ್ನು ಕಾಯುತ್ತಾನೆ. ದಾರಿಯಲ್ಲಿ ಹೋಗುವ ಹಕ್ಕಿಗಳು ನಿಂತು ವಿಚಾರಿಸಿದರೆ, ಹೆಂಡತಿಗೆ ಆ ಕೆಲಸ ಕೊಡಿಸಿದವನು ತಾನೇ ಎನ್ನುತ್ತಾನೆ.

ನೀತಿ: ನಿನ್ನ ಪರವಾಗಿ ಮಾತಾಡಲು ಒಬ್ಬನನ್ನು ಒಪ್ಪಿಸಿದ ಮೇಲೆ ಅವನಿಗೆ ತಿಳಿಸದೆ ನೀನೇ ಹೋಗಿ ಮಾತಾಡಬೇಡ, ಕೈಗೆ ಬರಲಿದ್ದ ಕೆಲಸವೂ ತಪ್ಪಿಹೋಗುತ್ತದೆ.