ಕೂರಿಗೆಯ ಮೇಲೆ ಜೇನು

ಹೊಳೆದಂಡೆಯ ಮಠಕ್ಕೆ ಕಪ್ಪು ಮಣ್ಣಿನ ನಾಲ್ಕೆಕರೆ ಎರೆಹೊಲ ಇತ್ತು. ಆ ವರ್ಷ ಮಠದ ಗುರು ಅಡಿವೆಪ್ಪಜ್ಜ ಅದನ್ನು ಫಕೀರವ್ವನ ಕೈಗೆ ಕೊಟ್ಟರು. ಅವಳಿಗೆ ಇಪ್ಪತ್ತು ವರ್ಷ. ಒಕ್ಕಲುತನ ಕಲಿಯುತ್ತೇನೆಂದು ಹಟ ಹಿಡಿದು ಮಠಕ್ಕೆ ಬಂದವಳು.

"ನೀ ಒಕ್ಕಲಗಿತ್ತಿ ಹೌದೋ ಅಲ್ಲೋ, ಸುಗ್ಗಿಯಾಗ ಹೇಳ್ತೀನಿ," ಎಂದಿದ್ದರು ಅಜ್ಜ. "ಹೌದಂದ್ರ ಹೊಲ ನೀನ ಮಾಡು. ಅಲ್ಲಂದ್ರ ಬ್ಯಾರೆಯವರಿಗೆ ಲಾವಣಿಗೆ ಕೊಡೂದು."

ಅಲ್ಲವೆಂದರೆ ಫಕೀರವ್ವ ಊರಿಗೆ ಮರಳಬೇಕು. ಅಣ್ಣನ ಹಿಟ್ಟಿನ ಗಿರಣಿಯಲ್ಲಿ ಕೂತು ಬೇರೆಯವರು ಬೆಳೆದ ಜೋಳ ಬೀಸಬೇಕು. ಅದನ್ನು ನೆನೆದರೇ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅದಕ್ಕೇ ಅವಳು ಎಲ್ಲವನ್ನೂ ಒಂದು ವಹಿಯಲ್ಲಿ ಮೊದಲೇ ಬರೆದಿಟ್ಟಳು. ಯಾವತ್ತು ಹರಗುವುದು, ಯಾವತ್ತು ಬಿತ್ತುವುದು, ಸಾಲಿಗೂ ಸಾಲಿಗೂ ಎಷ್ಟು ಅಂತರ. ವಹಿಯನ್ನು ಅಜ್ಜನಿಗೆ ತೋರಿಸಿದಾಗ ಅವರು ಕೊನೆಯ ಹಾಳೆಯವರೆಗೂ ಓದಿ, "ಅಕ್ಷರ ಚಂದ ಅದಾವ," ಎಂದರು. ಅಷ್ಟೇ.

ಮಳೆಯೂ ಆ ವಹಿ ಓದಿಕೊಂಡೇ ಬಂದಂತೆ ಸರಿಯಾದ ದಿನಕ್ಕೆ ಬಂತು. ಹೊಲ ಹದವಾಯಿತು. ಎರೆಮಣ್ಣಿನ ಹದ ಎಂದರೆ ಎರಡು ದಿನದ ಮಾತು. ಆಮೇಲೆ ಮಣ್ಣು ಬಿಗಿಯುತ್ತದೆ, ಬೀಜ ಹಾಕಿದರೂ ಏಳುವುದಿಲ್ಲ.

ಬೆಳಗಾಗುತ್ತಲೇ ಫಕೀರವ್ವ ಬಿತ್ತುವ ಜೋಳ ಹೊತ್ತು, ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದಳು. ಒಮ್ಮೆಗೆ ಮೂರು ಸಾಲು ಬಿತ್ತುವ ಕೂರಿಗೆಯನ್ನು ಹಿಂದಿನ ದಿನವೇ ಪೂಜೆ ಮಾಡಿ ಬೇವಿನ ಮರದ ಕೆಳಗೆ ನಿಲ್ಲಿಸಿದ್ದಳು. ಅದೀಗ ಕಪ್ಪಗೆ ಕಂಡಿತು. ಹತ್ತಿರ ಹೋದರೆ ಆ ಕಪ್ಪು ಅಲುಗಾಡುತ್ತಿತ್ತು.

ಜೇನು! ಬೀಜ ಹಾಕುವ ಬಟ್ಟಲನ್ನೂ ಬಿಡದೆ ಸಾವಿರಾರು ಹುಳ ಗೊಂಚಲಾಗಿ ಜೋತುಬಿದ್ದಿದ್ದವು.

ಅವಳು ಮಠಕ್ಕೆ ಓಡಿದಳು.

"ಅಜ್ಜಾರ! ಕೂರಿಗಿ ಮ್ಯಾಲ ಜೇನು ಕುಂತೈತಿ! ಬೆಂಕಿ ಕೊಡ್ರಿ, ಹೊಗಿ ಹಾಕಿ ಎಬ್ಬಸ್ತೀನಿ."

ಅಜ್ಜ ಬಂದು ನೋಡಿದರು. ಅವರ ಮುಖ ಮಗುವಿನ ಮುಖದಂತೆ ಅರಳಿತು.

"ಏನ್ ಮಂದಿ ಬಂದಾರ ನೋಡವ್ವಾ!"

"ನಗಬ್ಯಾಡ್ರಿ. ನನ್ನ ಹದ ಹೋಗ್ತೈತಿ."

"ಹೊಗಿ ಹಾಕಿದ್ರ ಇವು ಎಲ್ಲಿಗೆ ಹೋಗ್ತಾವು?"

"ಎಲ್ಲಿಗ್ಯಾರ ಹೋಗ್ಲಿ."

"ನಿನ್ನ ಎತ್ತಿನ ಮ್ಯಾಲ ಬಂದ್ರ?"

ಫಕೀರವ್ವ ಎತ್ತುಗಳನ್ನು ಇನ್ನಷ್ಟು ದೂರಕ್ಕೆ ಎಳೆದು ಕಟ್ಟಿದಳು. ಮತ್ತೆ ಅವಳೇ ಕೇಳಿದಳು: "ಊರಾಗಿಂದ ಬ್ಯಾರೆ ಕೂರಿಗಿ ತರ್ಲೇನ್ರಿ?"

"ಹದ ನಿನ್ನ ಹೊಲಕ್ಕಷ್ಟ ಬಂದೈತೇನು? ಇವತ್ತ ಯಾರ ಮನ್ಯಾಗ ಕೂರಿಗಿ ಖಾಲಿ ಕುಂತೀತು?"

"ಮತ್ತ ಬಿತ್ತೂದು ಹೆಂಗ್ರಿ? ಇದು ನನ್ನ ವಹಿಯಾಗ ಇಲ್ಲ!"

"ಕೂರಿಗಿ ಹುಟ್ಟೂಕಿಂತ ಮುಂಚೆ ಮಂದಿ ಉಪವಾಸ ಇದ್ರೇನು?"

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಮುಖ ತಿರುಗಿಸಿದಳು. ಮರದ ಆಚೆ ಬದಿಗೆ ನೇಗಿಲು ಒರಗಿತ್ತು.

"ಅಜ್ಜಾರ, ನೇಗಿಲ ಸಾಲು ಹೊಡದು ಹಿಂದಿಂದ ಕಾಳು ಬಿಟ್ರ ಹೆಂಗ್ರಿ?"

ಅಜ್ಜ ಹೆಗಲ ಮೇಲಿನ ಕಾವಿ ಶಾಲು ತೆಗೆದು ಸೊಂಟಕ್ಕೆ ಉಡಿ ಕಟ್ಟಿಕೊಂಡರು. ಜೋಳ ತುಂಬು ಎಂದು ಉಡಿ ಒಡ್ಡಿದರು.

"ಅಯ್ಯ, ಬಿತ್ತಾಕ ಉಡಿ ಕಟ್ಟೂದು ಹೆಣ್ಣಮಕ್ಕಳ್ರೀ!"

"ನೇಗಿಲ ಹಿಡಿಯೂದು ಗಂಡಸರಂತ. ಇವತ್ತ ಕೂರಿಗೀನ ಹುಳಾ ಹಿಡದಾವು. ತುಂಬು."

ಫಕೀರವ್ವ ನೇಗಿಲು ಹಿಡಿದಳು. ಅಜ್ಜ ಹಿಂದಿನಿಂದ ಕಾಳು ಬಿಡುತ್ತ, ಕಾಲಿನಿಂದ ಮಣ್ಣು ಮುಚ್ಚುತ್ತ ಬಂದರು. ಮೊದಲ ಸಾಲು ಮುಗಿಸಿ ತಿರುಗಿ ನೋಡಿದವಳೇ ಹಣೆ ಚಚ್ಚಿಕೊಂಡಳು.

"ಸಾಲು ಹಾವು ಹೋದಂಗ ಹೋಗೈತ್ರೀ!"

"ಹಾವು ತನ್ನ ಹುತ್ತ ಮುಟ್ಟೂದಿಲ್ಲೇನು? ಹೊಡಿ."

ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಇನ್ನೊಂದು ಕಂಡಿತು. ಸಾಲಿನ ನಡುವೆ ಒಂದು ಮೊಳ ಇರಬೇಕಾದಲ್ಲಿ ಎರಡು ಮೊಳ ಬಿಟ್ಟುಹೋಗಿತ್ತು.

"ಅರ್ಧಕ್ಕರ್ಧ ಖಾಲಿ ಉಳೀತಲ್ರೀ ಅಜ್ಜಾರ!"

ಅಜ್ಜ ಬದುವಿನ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. "ಖಾಲಿ ಇದ್ದಲ್ಲಿ ಏನ್ ಹಿಡಸ್ತೈತಿ?"

ಫಕೀರವ್ವ ಬಾರಕೋಲು ಅಲ್ಲೇ ಎಸೆದು ಮಠದ ಅಡಿಗೆಮನೆಗೆ ಓಟ ಕಿತ್ತಳು. ಮರಳಿ ಬರುವಾಗ ಅವಳ ಓಢಣಿಯಲ್ಲಿ ದೊಡ್ಡ ಗಂಟಿತ್ತು.

"ಕಡ್ಲಿ! ನಡುವ ಕಡ್ಲಿ ಹಾಕೂಣ್ರೀ! ನನಗ ಮೊದ್ಲ ಹೆಂಗ ಹೊಳೀಲಿಲ್ಲ!" ಅವಳು ಏದುತ್ತ ನಗುತ್ತಿದ್ದಳು.

"ಅಡಿಗಿಯಾಕಿ ಬೈಲಿಲ್ಲೇನು?"

"ಬೈದ್ಲರಿ. ಬೈಕೋಂತನ ಸೇರು ತುಂಬಿ ತುಂಬಿ ಹಾಕಿದ್ಲು."

ಎರಡನೆಯ ದಿನ ಅರ್ಧ ಹೊಲ ಮುಗಿದಿತ್ತು. ಬಿಸಿಲೇರಿದಾಗ ಬೇವಿನ ಮರದ ಕಡೆಯಿಂದ ಗುಂಯ್ ಎಂದು ಸದ್ದೆದ್ದಿತು. ಜೇನು ಒಟ್ಟಿಗೇ ಮೇಲೆದ್ದು, ಅವರ ತಲೆಯ ಮೇಲಿಂದ ಹೊಳೆ ದಾಟಿ ಹೋಯಿತು.

"ಕೂರಿಗಿ ಬಿಟ್ಟುಕೊಟ್ಟಾರ ನೋಡು," ಎಂದರು ಅಜ್ಜ. "ಇನ್ನರ್ಧ ನಿನ್ನ ವಹಿಯಂಗ ಬಿತ್ತು. ಸಂಜಿಯೊಳಗ ಮುಗೀತೈತಿ."

ಫಕೀರವ್ವ ಕೂರಿಗೆಯ ಸುತ್ತ ಒಂದು ಸುತ್ತು ಬಂದಳು. ಬೀಜದ ಬಟ್ಟಲಿನ ಮೂರು ತೂತುಗಳಲ್ಲಿ ಬೆರಳಾಡಿಸಿದಳು.

"ವಹಿಯಂಗ ಬ್ಯಾಡ್ರಿ! ನಡುವಿನ ತೂತಿಗೆ ಅರಿವಿ ಚಿಂದಿ ತುರಕ್ತೀನಿ. ಎರಡು ಕಡಿ ಜೋಳ ಇಳೀಲಿ. ನಡುವಿನ ಸಾಲಿನಾಗ ನೀವು ಕಡ್ಲಿ ಬಿಡ್ಕೋಂತ ಬರ್ರಿ!"

"ಹಿಂಗ ಯಾರ ಹೇಳಿಕೊಟ್ರು?"

"ಯಾರೂ ಇಲ್ರಿ. ಈಗ ಹೊಳೀತು."

"ಬೆಳಿ ಏಳದಿದ್ರ?"

"ಯಾಕ ಏಳಲಿಲ್ಲ ಅಂತ ಮಣ್ಣು ಕೆದರಿ ನೋಡ್ತೀನ್ರಿ. ಬೇಗ ಉಡಿ ಕಟ್ರಿ ಅಜ್ಜಾರ, ಹದ ಆರಾಕತ್ತೈತಿ!"

ಗುರುವಿಗೆ ಹೀಗೆ ಅಪ್ಪಣೆ ಮಾಡಿದ್ದು ಅವಳಿಗೆ ಗೊತ್ತೂ ಆಗಲಿಲ್ಲ. ಎತ್ತುಗಳಿಗೂ ಅವಳ ಉಮೇದು ಹತ್ತಿದಂತಿತ್ತು. ಎಪ್ಪತ್ತು ದಾಟಿದ ಅಜ್ಜ ಹಿಂದಿನಿಂದ ಓಡೋಡಿ ಬಂದರು.

ಹೊತ್ತು ಮುಳುಗುವ ಮುಂಚೆ ಕೊನೆಯ ಸಾಲು ಮುಗಿಯಿತು. ಫಕೀರವ್ವ ಮೊಣಕಾಲವರೆಗೂ ಮಣ್ಣಾಗಿ ಬದುವಿನ ಮೇಲೆ ಕೂತಳು. ಆಗ ಅವಳಿಗೆ ಗಿರಣಿಯ ನೆನಪಾಯಿತು.

"ಅಜ್ಜಾರ, ಬೆಳಿ ಹೆಂಗ ಬರ್ತೈತೋ ಏನೋ. ಸುಗ್ಗಿಯಾಗ ನೀವು ಹೌದಂತೀರೋ, ಅಲ್ಲಂತೀರೋ."

ಅಜ್ಜ ಉಡಿ ಬಿಚ್ಚಿ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಸುಗ್ಗಿತನಕ ಯಾಕ ಕಾಯ್ಲಿ? ಹೊಲಕ್ಕ ಒಕ್ಕಲಗಿತ್ತಿ ಬಂದಾಳ. ಬೆಳಿ ಹಿಂದಿಂದ ಬರ್ಲಿ."